ಕಂಬಳಿಯ ಮೇಲೆ ಚೆಲ್ಲಿದ ಭಂಡಾರ

ನನ್ನ ಮಾವ ಮಲಕಾರಿ ಕುರಿ ಎಣಿಸುತ್ತಿರಲಿಲ್ಲ. ಸಂಜೆ ಹಿಂಡು ಗೂಟ ನೆಟ್ಟು ಕಟ್ಟಿದ ಬಲೆಯೊಳಗೆ ನುಗ್ಗುವಾಗ ಬಾಯಿಗೆ ಅಡ್ಡ ನಿಂತು ಒಂದೊಂದರ ಮುಖ ನೋಡುತ್ತಿದ್ದರು, ಅಷ್ಟೇ. ಕಡೆಯ ಕುರಿ ಒಳಗೆ ಹೋದ ಮೇಲೆ, "ವಿಠೋಬಾನ ಬಿಳಿಗಿವಿ ಬರಲಿಲ್ಲೋ" ಎಂದರೆ ಬಿಳಿಗಿವಿ ಬಂದಿಲ್ಲ ಎಂದೇ ಅರ್ಥ. ಹುಡುಕಿಕೊಂಡು ಹೋದರೆ ಅದು ಎಲ್ಲೋ ಜಾಲಿ ಕಂಟಿಯಲ್ಲಿ ಉಣ್ಣೆ ಸಿಕ್ಕಿಸಿಕೊಂಡು ನಿಂತಿರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಇದನ್ನು ನಂಬಲಿಲ್ಲ. ಪರೀಕ್ಷೆ ಮಾಡೋಣ ಎಂದು ಒಂದು ಸಂಜೆ ಒಂದು ಮರಿಯನ್ನು ಅಡಿಗೆಮನೆಯಲ್ಲಿ ಬಚ್ಚಿಟ್ಟೆ. ಮಾವ ಬಲೆಯ ಬಾಯಿ ಕಟ್ಟಿ ನೆಟ್ಟಗೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅದರ ತಾಯಿ ಒದರಾಕತ್ತೈತಿ, ಬಿಡವ್ವಾ" ಎಂದರು. ನಗಲಿಲ್ಲ, ಬೈಯಲೂ ಇಲ್ಲ.

ನನ್ನ ಹೆಸರು ಸುಜಾತಾ. ನಿಪ್ಪಾಣಿ ಆಚೆಯ ಕೊಗನೊಳ್ಳಿಯವಳು. ಹೆದ್ದಾರಿ ಪಕ್ಕದ ಗಡಿ ಊರಲ್ಲಿ ಬೆಳೆದವರು ಯಾರನ್ನೂ ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಅಂಗಡಿಯವನು ತೂಗಿ ಕೊಟ್ಟ ಬೆಲ್ಲವನ್ನು ಕೈಯಲ್ಲಿ ಹಿಡಿದು ಇನ್ನೊಮ್ಮೆ ತೂಗಿ ನೋಡುವ ಜನ ನಾವು. ಸಂಶಯ ನನ್ನ ಹುಟ್ಟುಗುಣ, ಅದರ ಬಗ್ಗೆ ನನಗೆ ನಾಚಿಕೆಯೂ ಇಲ್ಲ. ಆದರೆ ಮಾವನಿಗೆ ಆ ಗುಣವೇ ಇರಲಿಲ್ಲ. ಹಾಗಾಗಿ ಅವರಿಗೆ ಸಂಶಯ ಬಂದಾಗ ಮನೆಯಲ್ಲಿ ಮೊದಲು ಗುರುತು ಹಿಡಿದವಳು ನಾನೇ.

ನಾನು ಸೊಸೆಯಾಗಿ ಬಂದ ಪಾಲಬಾವಿಯಲ್ಲಿ ನಮ್ಮಂಥ ಸಣ್ಣ ಮನೆಗಳು ತಮ್ಮ ತಮ್ಮ ಕುರಿಯನ್ನು ಬೇರೆ ಬೇರೆ ಅಡ್ಡಾಡಿಸಿದರೆ ಪೂರೈಸುವುದಿಲ್ಲ. ಹಲವು ಮನೆಯ ಕುರಿ ಸೇರಿ ಒಂದು ಹಿಂಡು. ಆ ಹಿಂಡಿಗೆ ಮಾವ ಹಿರಿಯರು, ಅವರ ಜೊತೆಗಾರ ವಿಠೋಬಾ. ಇಬ್ಬರೂ ಚಡ್ಡಿ ಹಾಕುವ ವಯಸ್ಸಿನಿಂದ ಜೋಡಿ. ಮಳೆ ನಿಂತ ಮೇಲೆ ಹಿಂಡು ಹೊಡೆದುಕೊಂಡು ಅಥಣಿ, ಕಾಗವಾಡದ ಕಡೆ ಹೊಳೆದಂಡೆಗೆ ಹೋಗುವುದು, ಕಬ್ಬು ಕಡಿದ ಹೊಲಗಳಲ್ಲಿ ರಾತ್ರಿ ಬಲೆ ಹಾಕಿ ಕುರಿ ನಿಲ್ಲಿಸುವುದು, ಬೆಳಿಗ್ಗೆ ಆ ಹೊಲಕ್ಕೆ ಗೊಬ್ಬರವಾದ ಮೇಲೆ ಮುಂದಿನ ಹೊಲ. ವಿಠೋಬಾ ಮುಂದೆ ನಡೆಯುತ್ತಿದ್ದ, ಮಾವ ಹಿಂದೆ. ನಡುವೆ ಇಷ್ಟು ಜನರ ಬದುಕು.

ಹಿಂಡಿನಲ್ಲಿ ಒಂದು ಟಗರು ಮಾತ್ರ ಯಾರದೂ ಅಲ್ಲ. ಅದು ಅಮೋಘಸಿದ್ದ ದೇವರಿಗೆ ಬಿಟ್ಟದ್ದು. ಅದನ್ನು ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ. ಅದರ ಉಣ್ಣೆ ಗುಡಿಯ ಕಂಬಳಿಗೇ ಹೋಗಬೇಕು. ಕೋಡಿಗೆ ಭಂಡಾರ ಹಚ್ಚಿರುತ್ತಾರೆ. ದೇವರ ಅರಿಶಿನಪುಡಿಗೆ ನಾವು ಹಾಗೆನ್ನುವುದು. ಟಗರು ಯಾರ ಕಾವಲಲ್ಲಿ ಇದೆಯೋ ಅವರ ಮಾತನ್ನು ಹಿಂಡಿನವರೆಲ್ಲ ಕೇಳುತ್ತಾರೆ. ಮಾವನ ಬದುಕಿನಲ್ಲಿ ಹೊಲ ಹೆಚ್ಚಿರಲಿಲ್ಲ, ಓದು ಇರಲಿಲ್ಲ. ಆ ಟಗರು ಇತ್ತು.

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದು ಹಿಂಡು ಹೊರಡುವ ತಯಾರಿ ನಡೆದಿತ್ತು. ಬೆಳಿಗ್ಗೆ ಮಾವನಿಗೆ ಚಹಾ ಕೊಟ್ಟೆ. ಬಟ್ಟಲು ಮೂಗಿನ ಹತ್ತಿರ ಹಿಡಿದು ನನ್ನ ಮುಖ ನೋಡಿದರು.

"ಏನ್ ಹಾಕೀದಿ ಇದರಾಗ?"

"ಚಾಪುಡಿ, ಸಕ್ಕರಿ, ಹಾಲು. ಮತ್ತೇನ್ ಹಾಕ್ಲಿರಿ ಮಾವಾರ?"

"ಮೊದಲ ನೀ ಕುಡಿ."

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಕಣ್ಣಲ್ಲಿ ಚೇಷ್ಟೆ ಇರಲಿಲ್ಲ. ನಾನು ಅರ್ಧ ಕುಡಿದು ಬಟ್ಟಲು ಮುಂದೆ ಕುಕ್ಕಿದೆ. ಅದನ್ನು ಅವರು ಮುಟ್ಟಲಿಲ್ಲ. ನನಗೆ ಅವಮಾನವಾಯಿತು. ಮೈ ಉರಿದುಹೋಯಿತು. ಮಧ್ಯಾಹ್ನ ಅವರೇ ಬಂದು, "ಮುಂಜಾನೆ ಚಾ ಕೊಡಲೇ ಇಲ್ಲಲ್ಲವ್ವಾ" ಎಂದರು. ನಿಜವಾಗಿ ಮರೆತಿದ್ದರು.

ಆಮೇಲೆ ದಿನಾ ಒಂದೊಂದು. ಅತ್ತೆ ರಾಮವ್ವನ ಮೇಲೆ, "ನಿನ್ನ ತಮ್ಮ ಯಾಕ ಬಂದಿದ್ದ? ಏನ್ ಕೊಟ್ಟ್ ಕಳಿಸಿದಿ?" ಎಂದು ಹರಿಹಾಯ್ದರು. ಅತ್ತೆಯ ತಮ್ಮ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಕೋಲನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟು, ಕೋಲು ಕದ್ದರೆಂದು ನನ್ನ ಗಂಡ ಬಾಳೇಶನ ಮೇಲೆ ಕೂಗಾಡಿದರು. ಅತ್ತೆ, "ವಯಸ್ಸಾತಲ್ಲ" ಎಂದು ಸಮಾಧಾನ ಮಾಡಿಕೊಂಡಳು. ನನಗೆ ಸಮಾಧಾನವಾಗಲಿಲ್ಲ. ಕುಡಿಯಲು ಶುರು ಮಾಡಿದ್ದಾರೋ ಎಂದು ಅವರ ಹೊದಿಕೆಯ ವಾಸನೆ ನೋಡಿದೆ, ಕುರಿಯದು ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಕುರಿಗೆ ಹಾಕುವ ಉಣ್ಣಿಹುಳದ ಔಷಧಿ ಮೈಗೆ ಏರಿದೆಯೋ ಎಂದು ಆ ಡಬ್ಬಿಯನ್ನೇ ಮುಚ್ಚಿಟ್ಟೆ. ವಿಠೋಬಾ ಏನಾದರೂ ತಿನ್ನಿಸುತ್ತಿದ್ದಾನೆಯೇ ಎಂದೂ ಯೋಚಿಸಿದೆ. ಸುಳ್ಳೇಕೆ ಹೇಳಲಿ, ಯಾರನ್ನೂ ಬಿಡಲಿಲ್ಲ.

ಇದರ ಜೊತೆಗೆ ಇನ್ನೊಂದು. ಕೂತವರು ಕೂತಂತೆಯೇ ಬಲಗೈ ಒಮ್ಮೆಲೆ ಸೆಟೆದುಕೊಳ್ಳುತ್ತಿತ್ತು, ಬಾಯಿಯ ಬಲಮೂಲೆ ಕಿವಿಯ ಕಡೆ ಎಳೆಯುತ್ತಿತ್ತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತಿತ್ತು. ರೊಟ್ಟಿ ಮುರಿಯುವಾಗ ತುಂಡು ಹಾರಿಹೋಗುತ್ತಿತ್ತು, ಅಂಗಿ ಗುಂಡಿ ಹಾಕುವಾಗ ಕೈ ಜಾರುತ್ತಿತ್ತು. ನಾನು ಅತ್ತೆಯನ್ನು ಕೂಗಿ ಕರೆದು ತರುವಷ್ಟರಲ್ಲಿ ಮಾವ ಆರಾಮಾಗಿ ಕೂತಿರುತ್ತಿದ್ದರು.

"ನಿನಗ ಎಲ್ಲಾ ಕಾಣತಾವ ನೋಡು" ಎಂದಳು ಅತ್ತೆ. ಅವಳಿಗೆ ಈಗ ನನ್ನ ಮೇಲೆಯೇ ಸಂಶಯ. ಸರಿ, ತೋರಿಸುತ್ತೇನೆ ಎಂದು ಹಟ ಹಿಡಿದು ಮೊಬೈಲನ್ನು ಅಕ್ಕಿ ಡಬ್ಬಿಗೆ ಆನಿಸಿಟ್ಟು, ಅವರು ಊಟ ಮಾಡುವುದನ್ನು ಪೂರ್ತಿ ವಿಡಿಯೋ ಮಾಡಿದೆ. ಅದರಲ್ಲಿ ಎಲ್ಲವೂ ಬಂತು. ಅತ್ತೆ ನೋಡಿ ಅರಿಶಿನ ಕಟ್ಟಿದ ದಾರ ತಂದು ಗಂಡನ ರಟ್ಟೆಗೆ ಕಟ್ಟಿದಳು. ಅಷ್ಟರಲ್ಲಿ ಹಿಂಡು ಹೊರಡುವ ದಿನ ಬಂತು. ಹೋಗಬೇಡಿ ಎಂದರೆ, "ನನ್ನ ಕುರಿ ಕೊಳ್ಳಿ ಹೊಡ್ಯಾಕ ನಿಂತೀರೇನು?" ಎಂದು ಎದ್ದೇ ಹೋದರು.

ಸಂಕ್ರಾಂತಿ ಆದ ಮೇಲೆ ಹಿಂಡು ತಿರುಗಿ ಬಂತು. ದೇವರ ಟಗರು ಇರಲಿಲ್ಲ.

ಊರ ಅಗಸೆ ಬಾಗಿಲಲ್ಲೇ ಜನ ಸೇರಿತು. ಎಲ್ಲಿ ಟಗರು ಎಂದರೆ ಮಾವ ಕೋಲಿನಿಂದ ವಿಠೋಬಾನನ್ನು ತೋರಿಸಿದರು. "ಅವನ್ನ ಕೇಳ್ರಿ. ಅವನ ಹೊಡಕೊಂಡ ಹೋಗ್ಯಾನ."

ವಿಠೋಬಾನ ಬಾಯಿ ಹಾಗೇ ತೆರೆದುಕೊಂಡಿತು. "ಏನಂದಿ ಮಲಕಾರಿ?"

"ಕಳ್ಳನ್ನ ಕಳ್ಳ ಅಂದೆ."

"ಲೇ, ನಾನಲೇ. ವಿಠೋಬಾ." ತನ್ನನ್ನು ಬೇರೆ ಯಾರೋ ಎಂದು ತಿಳಿದಿದ್ದಾರೆ ಎನ್ನುವ ಹಾಗೆ ಅವನು ಎದೆ ಮುಟ್ಟಿಕೊಂಡು ಹೇಳಿದ. ಅಗಸೆಗೆ ಬರುವ ಮುಂಚೆ ದಾರಿಯುದ್ದಕ್ಕೂ ಟಗರು ಹುಡುಕಿ ಅವನ ಕಾಲು ಬಾತುಕೊಂಡಿದ್ದವು. ಮಾವ ಅದನ್ನು ನೋಡಲಿಲ್ಲ. "ಭಂಡಾರ ಎತ್ತತೀನಿ" ಎಂದರು.

ನಮ್ಮಲ್ಲಿ ಜಗಳ ಠಾಣೆಗೆ ಹೋಗುವುದು ಕಡಿಮೆ. ಗುಡಿಯ ಮುಂದೆ ಕರಿಕಂಬಳಿ ಹಾಸುತ್ತಾರೆ. ಹೇಳುವವನು ಬರಿಗಾಲಲ್ಲಿ ಅದರ ಮೇಲೆ ನಿಂತು ಬಲಗೈಯಲ್ಲಿ ಭಂಡಾರ ಹಿಡಿದು ಮಾತು ಹೇಳಬೇಕು, ಹೇಳಿ ಅದನ್ನು ಹಣೆಗೆ ಹಚ್ಚಿಕೊಳ್ಳಬೇಕು. ಹಚ್ಚಿಕೊಂಡರೆ ಮಾತು ಖರೆ. ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ಆ ವಿಷಯ ಎತ್ತುವ ಹಾಗಿಲ್ಲ. ಹಣೆಗೆ ಮುಟ್ಟುವ ಮೊದಲೇ ಭಂಡಾರ ನೆಲಕ್ಕೆ ಬಿದ್ದರೆ ದೇವರು ಆ ಮಾತು ಒಪ್ಪಲಿಲ್ಲ. ಹಾಗೆ ಬಿದ್ದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ, ಏಕೆಂದರೆ ಸುಳ್ಳು ಹೇಳುವವನು ಕಂಬಳಿಯ ಮೇಲೆ ನಿಲ್ಲುವ ಧೈರ್ಯವನ್ನೇ ಮಾಡುತ್ತಿರಲಿಲ್ಲ.

ಭಾನುವಾರ ಎಲ್ಲರೂ ಸೇರಿದರು. ಪೂಜಾರಿ ಆಬಾಸಾಹೇಬರು ಮಾವನ ಅಂಗೈಗೆ ಭಂಡಾರ ಹಾಕಿದರು. ನಾವು ಹೆಂಗಸರು ಕಟ್ಟೆಯ ಪಕ್ಕದಲ್ಲಿದ್ದೆವು. ನನ್ನ ಕಣ್ಣು ಮಾವನ ಕೈ ಮೇಲೆಯೇ ಇತ್ತು. ಬೇಡ, ಬೇಡ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ. "ನಾ ಟಗರ ಮಾರಿಲ್ಲ. ವಿಠೋಬಾ ಹೊಡಕೊಂಡ ಹೋಗ್ಯಾನ. ಅಮೋಘಸಿದ್ದನ ಆಣಿ" ಎಂದು ಮಾವ ಗಟ್ಟಿ ದನಿಯಲ್ಲಿ ಹೇಳಿ ಕೈ ಎತ್ತಿದರು. ಕೈ ಎದೆಯ ಮಟ್ಟಕ್ಕೆ ಬಂದಾಗ ಸೆಟೆಯಿತು. ಬಾಯಿಯ ಮೂಲೆ ಎಳೆಯಿತು. ಭಂಡಾರವೆಲ್ಲ ಕರಿಕಂಬಳಿಯ ಮೇಲೆ ಚೆಲ್ಲಿತು.

"ರೋಗರೀ ಅದು, ಮನ್ಯಾಗೂ ಹಿಂಗ ಆಗತೈತಿ" ಎಂದು ನಾನು ಚೀರಿದೆ, ಮೊಬೈಲು ಎತ್ತಿ ತೋರಿಸಿದೆ. ಸೊಸೆ ಮಾವನ ಪರವಾಗಿ ಹೇಳದೆ ಇನ್ನೇನು ಹೇಳುತ್ತಾಳೆ? ಜನ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವರ ಲೆಕ್ಕದಲ್ಲಿ ವಿಷಯ ಸ್ಪಷ್ಟ: ಮಲಕಾರಿ ದೇವರ ಟಗರು ಮಾರಿ ಜೊತೆಗಾರನ ಮೇಲೆ ಹಾಕಿದ.

ಮರುದಿನದಿಂದ ಒಂದೊಂದೇ ಮನೆಯವರು ಬಂದು ತಮ್ಮ ಕುರಿ ಬಿಡಿಸಿಕೊಂಡು ಹೋದರು. ಯಾವುದು ಯಾರದೆಂದು ಮಾವ ಹೇಳಬೇಕಿತ್ತು, ಅವರಿಗೆ ಒಂದರ ಮುಖವೂ ಗುರುತು ಸಿಗುತ್ತಿರಲಿಲ್ಲ. ಬಲೆಯ ಗೂಟ ಹಿಡಿದುಕೊಂಡು ಹೋಗುವ ಕುರಿಗಳನ್ನೆಲ್ಲ ಸುಮ್ಮನೆ ನೋಡುತ್ತಿದ್ದರು. ನನಗೆ ಅಳು ಬಂದದ್ದು ಅವತ್ತೇ.

ಆ ವಾರವೇ ಅವರು ಅಂಗಳದಲ್ಲಿ ಬಿದ್ದು ಮೈಯೆಲ್ಲ ಬಡಿದುಕೊಂಡು ನೊರೆ ಕಾರಿದರು. ಬಾಳೇಶ ಚಿಂಚಲಿ ಮಾಯಕ್ಕನ ಗುಡಿಗೆ ಒಯ್ಯೋಣ ಎಂದ. ನಾನು ಮಿರಜಿನ ದವಾಖಾನೆ ಎಂದೆ. ಗಂಡ ಹೆಂಡತಿ ಜಗಳವಾಡುತ್ತಲೇ ಗಾಡಿ ಹತ್ತಿದೆವು. ಚಿಂಚಲಿ ಹೇಗೂ ದಾರಿಯಲ್ಲೇ ಸಿಗುತ್ತದೆ, ಅವಳಿಗೂ ಕೈಮುಗಿದು ಮುಂದೆ ಹೋದೆವು. ತಾಯಿ ಬೇಜಾರು ಮಾಡಿಕೊಂಡಿರಲಿಕ್ಕಿಲ್ಲ.

ಮಿರಜಿನಲ್ಲಿ ನರರೋಗದ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವಳಿಗೇನು ಗೊತ್ತಾಗುತ್ತದೆ ಎಂದು ಒಳಗೇ ಅಂದುಕೊಂಡೆ. ಮೊದಲು ರಕ್ತ ನೋಡಿ ಸೋಡಿಯಂ ಕಡಿಮೆಯಾಗಿದೆ ಎಂದಳು. ಹಾಗೆಂದರೆ ಉಪ್ಪಿನ ಅಂಶ ಎಂದು ನಾನು ಅತ್ತೆಗೆ ಬಿಡಿಸಿ ಹೇಳಿದ್ದೇ ತಪ್ಪಾಯಿತು.

"ನನ್ನ ಅಡಗಿ ಮ್ಯಾಲ ಬಂದರೇನ ಈಗ?" ಎಂದು ಅತ್ತೆ ಸೆರಗು ಬಿಗಿದು ನಿಂತಳು.

ನಾನು ವಿಡಿಯೋ ತೋರಿಸಿದೆ. ಡಾಕ್ಟರಮ್ಮನ ಮುಖ ಬದಲಾಯಿತು. ಮುಂದೆ ಬಾಗಿ ಮತ್ತೆ ಹಾಕಿ ನೋಡಿದಳು. ಕೈ ಮತ್ತು ಬಾಯಿ ಒಟ್ಟಿಗೇ ಎಳೆಯುತ್ತವೆಯೇ, ಒಂದೇ ಕಡೆಯೇ, ದಿನಕ್ಕೆ ಬಹಳ ಸಲವೇ ಎಂದು ಮರಾಠಿಯಲ್ಲಿ ಕೇಳಿದಳು. ಮನೆಯವರ ಮೇಲೆ ಸಂಶಯ ಪಡುತ್ತಾರೆಯೇ ಎಂದೂ ಕೇಳಿದಳು. ಅದನ್ನು ನಾವು ಹೇಳಿರಲೇ ಇಲ್ಲ. ಇವಳಿಗೆ ಊರಿನಿಂದ ಯಾರೋ ಸುದ್ದಿ ಕೊಟ್ಟಿದ್ದಾರೆಂದು ನನಗೆ ಗುಮಾನಿ ಬಂತು.

ಬೆನ್ನುಹುರಿಯ ನೀರು, ರಕ್ತ ಎಲ್ಲ ತೆಗೆದು ದೂರದ ಲ್ಯಾಬಿಗೆ ಕಳಿಸಿದರು. ಉತ್ತರ ಬಂದ ದಿನ ಅವಳು ನನ್ನನ್ನೂ ಬಾಳೇಶನನ್ನೂ ಕೂರಿಸಿಕೊಂಡು ಹಾಳೆಯ ಮೇಲೆ ಚಿತ್ರ ಬರೆದಳು. ಮಿದುಳಿನಲ್ಲಿ ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಕೂದಲೆಳೆಗಿಂತ ಸಣ್ಣ ಸಂದು. ಈ ಕಡೆಯದು ಗ್ಲುಟಮೇಟ್ ಎನ್ನುವ ರಾಸಾಯನಿಕವನ್ನು ಬಿಡುತ್ತದೆ, ಆ ಕಡೆಯದರ ಮೈಮೇಲಿನ ಗ್ರಾಹಕಗಳು ಅದನ್ನು ಹಿಡಿದುಕೊಳ್ಳುತ್ತವೆ. ನೆನಪು ಕೂರುವುದು, ಮುಖ ಗುರುತು ಸಿಗುವುದು ಎಲ್ಲ ಈ ಕೊಡುಕೊಳ್ಳುವಿಕೆಯಿಂದ. ಆದರೆ ಗ್ರಾಹಕಗಳು ತಾವಾಗಿಯೇ ಜಾಗದಲ್ಲಿ ನಿಲ್ಲುವುದಿಲ್ಲ. ಅವಕ್ಕೆ ಸಹಾಯಕ ಪ್ರೋಟೀನುಗಳಿವೆ. ಕೆಲವು ಗ್ರಾಹಕವನ್ನು ಒಳಗಿನಿಂದ ಮೇಲೆ ತರುತ್ತವೆ, ಕೆಲವು ಅದರ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂದು ನೋಡಿಕೊಳ್ಳುತ್ತವೆ. ಒಂದು ಸಹಾಯಕ, ಅದರ ಹೆಸರು ಎಲ್‌ಜಿಐ-ಒನ್, ಆ ಸಂದಿನಲ್ಲೇ ಇದ್ದು ಎರಡೂ ದಡದಲ್ಲಿರುವ ತನ್ನ ಜೊತೆಗಾರರನ್ನು ಹಿಡಿದುಕೊಂಡು ಗ್ರಾಹಕಗಳು ಚದುರದಂತೆ ಕಾಯುತ್ತದೆ. ನರ ಸುಮ್ಮಸುಮ್ಮನೆ ಕಿಡಿ ಹಾರಿಸದಂತೆ ತಡೆಯುವ ಬೇರೊಂದು ಬಾಗಿಲಿಗೂ ಅದೇ ಬೇಕು.

"ನಿಮ್ಮ ಮಾವನವರ ಮೈಯೊಳಗೆ ರೋಗಾಣುಗಳ ವಿರುದ್ಧ ಹೋರಾಡುವ ಕಾವಲುಗಾರರು ಇದ್ದಾರಲ್ಲ," ಎಂದಳು, "ಅವರು ಈ ಸಹಾಯಕನನ್ನೇ ಕಳ್ಳ ಅಂದುಕೊಂಡಿದ್ದಾರೆ. ಹಿಡಿದು ಕೆಲಸ ಮಾಡಲು ಬಿಡುತ್ತಿಲ್ಲ."

ನನಗೆ ನಮ್ಮ ಕುರಿಬಲೆ ಕಣ್ಣ ಮುಂದೆ ಬಂತು. "ಬಲೆ ಹರಿದಿಲ್ಲ, ಗೂಟ ಕಿತ್ತಾವು ಅಂದಂಗಾತು" ಎಂದೆ.

"ಹೆಚ್ಚುಕಡಿಮೆ ಹಾಗೇ. ಗೂಟ ಸುಮ್ಮನೆ ನಿಂತಿರುತ್ತದೆ, ಇದು ದುಡಿಯುತ್ತದೆ, ಅಷ್ಟು ವ್ಯತ್ಯಾಸ."

ಯಾಕೆ ಹೀಗಾಯಿತು, ಔಷಧಿಯ ಡಬ್ಬಿಯಿಂದಲೋ, ಯಾರಾದರೂ ಏನಾದರೂ ಹಾಕಿದರೋ ಎಂದು ಕೇಳಿದೆ. ಅವಳು, "ಯಾರೂ ಏನೂ ಹಾಕಿಲ್ಲ. ಯಾಕೆ ಶುರುವಾಗುತ್ತದೆ ಅನ್ನುವುದು ಪೂರ್ತಿ ನಮಗೂ ಗೊತ್ತಿಲ್ಲ" ಎಂದಳು. ಗೊತ್ತಿಲ್ಲ ಎಂದ ಕೂಡಲೇ ನನಗೆ ಅವಳ ಮೇಲೆ ನಂಬಿಕೆ ಬಂತು. ಎಲ್ಲ ಗೊತ್ತಿದೆ ಎನ್ನುವವರನ್ನು ಕೊಗನೊಳ್ಳಿಯಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ.

ಸ್ಟೀರಾಯಿಡ್ ಸಲೈನಿನಲ್ಲಿ ಹಾಕಿದರು. ಆಮೇಲೆ ಯಂತ್ರದಿಂದ ರಕ್ತದ ತಿಳಿಯನ್ನು ಬದಲಿಸಿದರು. ಮೊದಲು ಕೈ ಸೆಟೆಯುವುದು ನಿಂತಿತು. ತಲೆ ತಿಳಿಯಾಗಲು ಇನ್ನೂ ಕಾಲ ಹಿಡಿಯಿತು. ಒಂದು ಬೆಳಿಗ್ಗೆ ನಾನು ಕೊಟ್ಟ ಚಹಾವನ್ನು ಏನೂ ಕೇಳದೆ ಕುಡಿದು, ಬಟ್ಟಲು ಕೆಳಗಿಟ್ಟು, "ಕುರಿ ಯಾರ ಕಡೆ ಬಿಟ್ಟ ಬಂದೀರಿ? ವಿಠೋಬಾ ಒಬ್ಬನ ಅದಾನೇನು?" ಎಂದರು.

ಬಾಳೇಶ ಹೊರಗೆ ಎದ್ದುಹೋದ. ಅತ್ತೆ ಗೋಡೆಯ ಕಡೆ ತಿರುಗಿದಳು. ನಾನೇ ಹೇಳಿದೆ, ಟಗರು, ಅಗಸೆ, ಕಂಬಳಿ, ಎಲ್ಲವನ್ನೂ. ದೀಪಾವಳಿಯಿಂದ ಈಚೆಗೆ ಅವರ ತಲೆಯಲ್ಲಿ ಏನೂ ಇರಲಿಲ್ಲ. ಬೇರೆ ಯಾರದೋ ಕಥೆ ಕೇಳಿದಂತೆ ಕೇಳಿದರು. ಕಡೆಗೆ ಬಲಗೈ ತಿರುಗಿಸಿ ಅಂಗೈ ನೋಡಿಕೊಂಡರು.

"ವಿಠೋಬಾಗ ಕಳ್ಳ ಅಂದೆ?"

"ಹೌದ್ರಿ."

ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡರು.

ಊರಿಗೆ ಬಂದೆವು. ಜನ ಬಂದು ಆರಾಮ ವಿಚಾರಿಸಿದರು, ಬಾಳೆಹಣ್ಣು ಕೊಟ್ಟರು. ಕುರಿ ಮಾತ್ರ ತಿರುಗಿ ಬರಲಿಲ್ಲ. ನಾನು ದವಾಖಾನೆಯ ಕಾಗದ ಹಿಡಿದು ಆಬಾಸಾಹೇಬರ ಹತ್ತಿರ ಹೋದೆ.

"ಅದು ದೇವರ ಮುಂದ ನಡಿಯಂಗಿಲ್ಲ ತಂಗಿ" ಎಂದರು, ಕೆಟ್ಟ ಮನಸ್ಸಿನಿಂದಲ್ಲ.

"ಕಾಕಾ, ಕೈ ರೋಗದಿಂದ ನಡಗಿದ್ದರಿ."

"ಆತು, ನಡಗಿತು. ಹಂಗಾರ ಟಗರ ಎಲ್ಲೈತಿ?"

ನಾನು ಕಾಗದ ಮಡಚಿಕೊಂಡು ಮನೆಗೆ ಬಂದೆ. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಟಗರು ಎಲ್ಲಿ ಹೋಯಿತೆಂದು ಮಾವನಿಗೂ ಗೊತ್ತಿರಲಿಲ್ಲ. ಮೊದಲು ಊರೆಲ್ಲದರ ಮೇಲೆ ಇದ್ದ ಅವರ ಸಂಶಯ ಈಗ ತಮ್ಮ ಮೇಲೆಯೇ ತಿರುಗಿತ್ತು. ಖಾಲಿ ಬಲೆಯ ಹತ್ತಿರ ಕೂತು, "ನಾನ ಮಾರೇನೋ ಏನೋ" ಎನ್ನುತ್ತಿದ್ದರು. ವಿಠೋಬಾ ಎದುರಿಗೆ ಬಂದರೆ ತಲೆ ತಗ್ಗಿಸುತ್ತಿದ್ದರು. ವಿಠೋಬಾನೂ ಬೇರೆ ಕಡೆ ನೋಡಿಕೊಂಡು ದಾಟುತ್ತಿದ್ದ.

ಮುಂದಿನ ದಸರೆಯ ಹೊತ್ತಿಗೆ ತಪಾಸಣೆಗೆಂದು ಮತ್ತೆ ಮಿರಜಿಗೆ ಹೋದೆವು, ಮಾವ ಮತ್ತು ನಾನು. ಬರುವಾಗ ಬಸ್ಸು ಬದಲಿಸಲು ಕಾಗವಾಡದಲ್ಲಿ ಇಳಿದೆವು. ಚಹಾದಂಗಡಿಯಲ್ಲಿ ಬಿಳಿ ಟೋಪಿಯ ಹಿರಿಯರೊಬ್ಬರು ಮಾವನನ್ನು ನೋಡಿ ಎದ್ದು ಬಂದರು. ಮುರಗೆಪ್ಪ ಸಾವಕಾರರು. ಅವರ ಕಬ್ಬಿನ ಹೊಲದಲ್ಲಿ ನಮ್ಮ ಹಿಂಡು ಅವರಪ್ಪನ ಕಾಲದಿಂದಲೂ ನಿಲ್ಲುತ್ತದೆ. ಬಂದವರು ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಈಕಿ ಯಾರು?"

"ಸೊಸಿರಿ."

"ನೀ ಇಲ್ಲೇ ಕೂಡ್ರವಾ" ಎಂದು ನನಗೆ ಹೇಳಿ ಮಾವನ ರಟ್ಟೆ ಹಿಡಿದು ಆಚೆ ಕರೆದೊಯ್ದರು. ನಾನು ಕೂಡುವವಳೇ? ಹಿಂದೆಯೇ ಹೋದೆ. ಈ ಮನುಷ್ಯ ಮಾವನಿಂದ ಟಗರು ಕೊಂಡಿದ್ದಾನೆ, ಬಾಯಿ ಬಿಡಬೇಡ ಎನ್ನಲು ಕರೆದಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು.

"ಎಷ್ಟು ದಿನಾ ಮಾರಾಯಾ?" ಎನ್ನುತ್ತಿದ್ದರು ಸಾವಕಾರರು. "ನಿನ್ನ ಟಗರ ನನ್ನ ದ್ರಾಕ್ಷಿ ತ್ವಾಟದ ಬೇಲಿ ಮುರದ ಹಾಕೇತಿ. ಯಾವಾಗ ಒಯ್ಯಾಂವ?"

ಮಾವ ಅವರ ಮುಖವನ್ನೇ ನೋಡಿದರು. "ಯಾವ ಟಗರ್ರೀ?"

ಅವರ ಜೊತೆ ಹೋಗಿ ನೋಡಿದರೆ, ಸಾವಕಾರರ ಕೊಟ್ಟಿಗೆಯ ಮೂಲೆಯಲ್ಲಿ ದೇವರ ಟಗರು ಮೈತುಂಬಿಕೊಂಡು ನಿಂತಿತ್ತು. ಕೋಡಿನ ಬುಡದಲ್ಲಿ ಹಳೆಯ ಭಂಡಾರದ ಹಳದಿ ಇನ್ನೂ ಇತ್ತು. ಮಾವನನ್ನು ಕಂಡದ್ದೇ ಹಗ್ಗ ಜಗ್ಗಿ ಬಂದು ಮೊಣಕಾಲಿಗೆ ತಲೆ ತಿಕ್ಕಿತು. ಅವರಿಗೆ ಅದನ್ನು ಬಿಟ್ಟುಹೋದದ್ದು ನೆನಪಿಲ್ಲ, ಅದಕ್ಕೆ ಅವರು ನೆನಪಿದ್ದರು. ಮಾವ ಅದರ ಕುತ್ತಿಗೆ ತಬ್ಬಿಕೊಂಡು ಕುಸಿದು ಕೂತರು.

ಆಗ ಸಾವಕಾರರು ಹೇಳಿದ್ದಿಷ್ಟು. ಹಿಂಡು ಅವರ ಹೊಲದಲ್ಲಿದ್ದಾಗ ಒಂದು ಮಧ್ಯಾಹ್ನ ವಿಠೋಬಾ ಸಂತೆಗೆ ಹೋದ ಹೊತ್ತು ನೋಡಿ ಮಾವ ಟಗರು ತಂದು ಕಟ್ಟಿದ್ದರು. ವಿಠೋಬಾ ಕದಿಯಲು ಹೊಂಚಿದ್ದಾನೆ, ಮನೆಯವರೂ ಅವನ ಕಡೆ ಸೇರಿದ್ದಾರೆ, ತಾನು ಒಬ್ಬನೇ ಬಂದು ಕೇಳುವವರೆಗೆ ಯಾರಿಗೂ ಹೇಳಬಾರದು ಎಂದು ಭಂಡಾರ ಮುಟ್ಟಿಸಿ ಆಣೆ ತೆಗೆದುಕೊಂಡಿದ್ದರು.

"ನಮ್ಮೂರಾಗ ಇವರ ಮಾನ ಹೋಗಿದ್ದು ನಿಮಗ ಗೊತ್ತಾಗಲಿಲ್ಲೇನ್ರಿ?" ಎಂದೆ. ನನ್ನ ದನಿ ಏರಿತ್ತು.

"ಗೊತ್ತಾತವಾ. ಮನಸಿಗಿ ಭಾಳ ಕೆಟ್ಟ ಅನಿಸ್ತು. ಆದರ ಭಂಡಾರ ಮುಟ್ಟಿದ್ನೆಲ್ಲಾ." ಅವರಿಗೆ ಅದು ಅಷ್ಟು ಸರಳ. ಒಬ್ಬ ಮನುಷ್ಯನ ಬದುಕು ಮುಳುಗುತ್ತಿತ್ತು, ಇವರು ಅವನಿಗೆ ಕೊಟ್ಟ ಮಾತು ಹಿಡಿದುಕೊಂಡು ದಡದಲ್ಲಿ ಕೂತಿದ್ದರು. ಮಾವ ಮಾತ್ರ ಎದ್ದು ಅವರ ಕಾಲು ಮುಟ್ಟಿದರು.

ಟೆಂಪೊದಲ್ಲಿ ಟಗರು ಹಾಕಿಕೊಂಡು ಬರುವಾಗ ನಾನು ಗೆದ್ದವಳ ಹಾಗೆ ಕೂತಿದ್ದೆ. ಆಬಾಸಾಹೇಬರಿಗೆ ಏನೇನು ಹೇಳಬೇಕು ಎಂದು ಮಾತು ಜೋಡಿಸುತ್ತಿದ್ದೆ. ಕುಡಚಿ ಸೇತುವೆ ದಾಟಿದ ಮೇಲೆ ಮಾವ, "ಭಂಡಾರ ಬಿದ್ದದ್ದು ಬರೋಬರಿನ ಆತು ನೋಡವ್ವಾ" ಎಂದರು.

"ಏನಂದ್ರಿ?"

"ಅವತ್ತು ನಾ ವಿಠೋಬಾನ ಹೆಸರ ತಗೊಂಡಿದ್ದೆ. ಅಂವ ಒಯ್ದಿರಲಿಲ್ಲ. ಮಾತು ಸುಳ್ಳಾತಲ್ಲ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಮಾವಾರ, ರೊಟ್ಟಿ ತಿನ್ನೂಮುಂದ ನಿಮ್ಮ ಕೈ ಸೆಟೀತಿತ್ತು. ರೊಟ್ಟಿ ಏನ್ ಸುಳ್ಳ ಹೇಳಿತ್ತೇನ್ರಿ? ನೀವು ಖರೇ ಹೇಳಿದ್ರೂ ಬೀಳತಿತ್ತು."

"ಇರಬೌದು" ಎಂದರು. ಆಮೇಲೆ ಊರು ಬರುವವರೆಗೂ ಟಗರಿನ ಬೆನ್ನು ಸವರುತ್ತಾ ಕೂತರು. ಡಾಕ್ಟರಮ್ಮ ಬರೆದ ಚಿತ್ರ ನನ್ನ ಚೀಲದಲ್ಲೇ ಇತ್ತು. ಅದನ್ನು ತೆಗೆದು ತೋರಿಸಿದರೂ ಅವರ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. ಅವರು ಕೇಳುತ್ತಿದ್ದುದು ಕೈಯ ಬಗ್ಗೆ ಅಲ್ಲ, ವಿಠೋಬಾನ ಬಗ್ಗೆ.

ಟಗರು ಅಗಸೆಯಲ್ಲಿ ಇಳಿದಾಗ ಊರೇ ಬಂತು. ಕೆಲವರು ಕಣ್ಣು ತಪ್ಪಿಸಿದರು. ನಾಳೆಯೇ ಕುರಿ ತಂದು ಬಿಡುತ್ತೇವೆ ಎಂದರು ಇನ್ನು ಕೆಲವರು. ಬಾಳೇಶ, "ನಮ್ಮಪ್ಪ ಮಾರಿಲ್ಲ, ನೋಡ್ರಿ!" ಎಂದು ಒಬ್ಬೊಬ್ಬರ ಮುಖಕ್ಕೂ ಹೇಳುತ್ತಿದ್ದ. ಮಾವ ಯಾರ ಮಾತಿಗೂ ನಿಲ್ಲದೆ ಗುಡಿಯ ಕಡೆ ನಡೆದರು.

"ಕಂಬಳಿ ಹಾಸ್ರಿ" ಎಂದರು ಆಬಾಸಾಹೇಬರಿಗೆ. "ವಿಠೋಬಾನ್ನ ಕರೀರಿ."

ವಿಠೋಬಾ ಬಂದು ದೂರವೇ ನಿಂತ. ಮುಖ ಬಿಗಿದಿತ್ತು. ಇನ್ನೇನು ಹೊರಿಸಲು ಕರೆದಿದ್ದಾನೋ ಎನ್ನುವ ಗುಮಾನಿ ಅವನ ಕಣ್ಣಲ್ಲಿ ನನಗೆ ಚೆನ್ನಾಗಿಯೇ ಕಂಡಿತು. ಆಬಾಸಾಹೇಬರು ಎರಡು ಸಲ ಕರೆದ ಮೇಲೆ ಚಪ್ಪಲಿ ಬಿಟ್ಟು ಕಂಬಳಿ ಮೆಟ್ಟಿದ.

ಹೊರಿಸಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ನಮ್ಮಲ್ಲಿ ರೀತಿ ಇದೆ. ಹೇಳಿದವನು ಭಂಡಾರವನ್ನು ಹೇಳಿಸಿಕೊಂಡವನ ಅಂಗೈಗೆ ಹಾಕಬೇಕು. ಅವನು ಅದನ್ನು ಇವನ ಹಣೆಗೆ ಹಚ್ಚಿದರೆ ಒಪ್ಪಿಕೊಂಡಂತೆ. ಹಚ್ಚದಿದ್ದರೆ ಇಲ್ಲ.

ಮಾವ ಭಂಡಾರ ತೆಗೆದುಕೊಂಡರು. ಕೈ ಒಂದಿಷ್ಟೂ ಅಲ್ಲಾಡಲಿಲ್ಲ. ಜನ ಅದನ್ನೇ ನೋಡುತ್ತಿದ್ದರು.

"ವಿಠೋಬಾ, ನಿನಗ ಕಳ್ಳ ಅಂದಿದ್ದೆ. ಅಂದದ್ದು ನನಗ ನೆಪ್ಪಿಲ್ಲ. ರೋಗ ಇತ್ತು ಅಂತಾರ. ಆದರ ಬಾಯಿ ನಂದ. ಸುಳ್ಳು ಹೇಳಿತ್ತು" ಎಂದು ಅವನ ಅಂಗೈಗೆ ಸುರಿದರು.

ವಿಠೋಬಾ ಹಿಡಿದುಕೊಂಡು ನಿಂತ. "ವರ್ಷ ಆಗಾಕ ಬಂತಲೇ, ಒಬ್ಬನ ಅಡ್ಡಾಡಾಕತ್ತು" ಎಂದ. ಕೈ ಎತ್ತಿದ. ಎತ್ತುತ್ತಲೇ ಭುಜದಿಂದ ಬೆರಳಿನವರೆಗೆ ಅವನ ಕೈ ಗದಗದ ನಡುಗತೊಡಗಿತು. ಮಾವನ ಹಣೆ ಮುಟ್ಟುವ ಮೊದಲೇ ಬೆರಳ ಸಂದಿಯಿಂದ ಜಾರಿ ಭಂಡಾರ ಕಂಬಳಿಯ ಮೇಲೆ ಚೆಲ್ಲಿಹೋಯಿತು.

ವಿಠೋಬಾ ತನ್ನ ಖಾಲಿ ಕೈಯನ್ನು ನೋಡಿಕೊಂಡ. ಆಬಾಸಾಹೇಬರು ಏನೋ ಹೇಳಲು ಬಾಯಿ ತೆರೆದರು.

ಮಾವ ಬಗ್ಗಿ ಕಂಬಳಿಯ ಮೇಲಿಂದ ಭಂಡಾರವನ್ನು, ಅದಕ್ಕೆ ಅಂಟಿದ ಉಣ್ಣೆಯ ಎಳೆಗಳ ಸಮೇತ, ಬೆರಳಿಂದ ಬಳಿದುಕೊಂಡರು. ಮೊದಲು ವಿಠೋಬಾನ ಹಣೆಗೆ ಹಚ್ಚಿ, ಆಮೇಲೆ ಅವನ ನಡುಗುವ ಕೈಯನ್ನು ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು.

"ಮನಷ್ಯಾನ ಕೈ ಐತ್ರಿ ಪೂಜಾರ್ರ," ಎಂದರು. "ನಡಗತೈತಿ."